ಟೆಕ್ಸಾಸ್ ಕ್ಯಾಂಪರ್ ವ್ಯಾನ್, ಪುಣೆಯ ಪ್ಲಗ್ ಪಾಯಿಂಟ್: 120 ವೋಲ್ಟಿನ ಮನೆಗೆ 230 ವೋಲ್ಟಿನ ಊರು

ಈ ವಾರದ ಮಾತು ಸ್ವಲ್ಪ ಉದ್ದ ಆಯ್ತು, ಬೋರ್ಡ್ ಮೇಲೆ ಬರೆದ ಲೆಕ್ಕ ಮೊಬೈಲ್‌ನಲ್ಲಿ ನೋಡೋರಿಗೆ ಸರಿಯಾಗಿ ಕಾಣಿಸಲಿಲ್ಲ ಅಂತ ಬೇರೆ ಹೇಳಿದ್ರಿ. ಅದಕ್ಕೆ ಅದನ್ನೇ ಬರಹದಲ್ಲಿ ಹಾಕ್ತಿದ್ದೀನಿ. ಮಾತಿನಲ್ಲಿ ತಪ್ಪಿಸಿಕೊಂಡಿದ್ದ ಒಂದೆರಡು ವಿಷಯನೂ ಸೇರಿಸಿದ್ದೀನಿ.

ಮೊದಲು ಕಥೆ. ನಮ್ಮ ಸೋದರಮಾವ ಟೆಕ್ಸಾಸ್‌ನಲ್ಲಿ ಬಹಳ ವರ್ಷದಿಂದ ಇದ್ದಾರೆ. ಕೆಲಸದಿಂದ ನಿವೃತ್ತಿ ಆದಮೇಲೆ ಸ್ಪ್ರಿಂಟರ್ ವ್ಯಾನ್ ಮೇಲೆ ಕಟ್ಟಿದ ಒಂದು ಕ್ಯಾಂಪರ್ ತಗೊಂಡ್ರು. ಒಳಗೇ ಹಾಸಿಗೆ, ಸಣ್ಣ ಅಡುಗೆಮನೆ, ಫ್ರಿಜ್, ಮೈಕ್ರೋವೇವ್, ತಾರಸಿ ಮೇಲೆ ಎಸಿ. ಅದರಲ್ಲಿ ಅಮೆರಿಕ ಎಲ್ಲಾ ಸುತ್ತಿದ್ದಾಯ್ತು. ಹೋದ ವರ್ಷ ಅವರಿಗೆ ಒಂದು ಆಸೆ ಹುಟ್ಟಿತು: ಅದೇ ಗಾಡಿಯನ್ನ ಹಡಗಿನಲ್ಲಿ ಮುಂಬೈಗೆ ತಂದು, ಪುಣೆಯಲ್ಲಿ ನಮ್ಮನೆಗೆ ಬಂದು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ಧಾರವಾಡದ ಹತ್ತಿರದ ಊರಿಗೆ ಹೋಗಬೇಕು ಅಂತ. ಮಾಮಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಫ್ರಿಜ್‌ನಲ್ಲೇ ಇರಬೇಕು, 2ರಿಂದ 8 ಡಿಗ್ರಿ ಒಳಗೆ. ಮಾಮಾಗೆ ರಾತ್ರಿ ಉಸಿರಾಟಕ್ಕೆ ಸಿಪ್ಯಾಪ್ ಮಷೀನ್ ಬೇಕು. ಬರೋದು ಏಪ್ರಿಲ್‌ನಲ್ಲಿ. ಅಂದ್ರೆ ಗಾಡಿಯ ಕರೆಂಟ್ ಅವರಿಗೆ ಶೋಕಿ ಅಲ್ಲ, ರಾತ್ರಿ ಎಲ್ಲಾ ಬೇಕೇ ಬೇಕಾದ ವಸ್ತು.

'ನೀ ಎಂ.ಟೆಕ್ ಪವರ್ ಎಲೆಕ್ಟ್ರಾನಿಕ್ಸ್ ಮಾಡೀಯಲ್ಲೋ, ಹೇಳು ಏನ್ ಮಾಡ್ಬೇಕು' ಅಂದ್ರು. ಎಂ.ಟೆಕ್ ಮಾಡಿದ್ದು ಹೌದು. ಆಮೇಲೆ ಹತ್ತು ವರ್ಷದಿಂದ ಹಿಂಜವಡಿಯಲ್ಲಿ ಕೂತು ಜಾವಾ ಬರೀತಿರೋದೂ ಹೌದು. ಆದ್ರೂ ಧೈರ್ಯವಾಗಿ ಹೇಳಿಬಿಟ್ಟೆ: 'ಏನಿಲ್ಲ ಮಾಮಾ, ಇಲ್ಲಿ 230 ವೋಲ್ಟ್, ನಿಮ್ಮದು 120. ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಕೊಂಡ್ರೆ ಮುಗೀತು.' ಈ ಉತ್ತರ ತಪ್ಪು. ಎಷ್ಟು ತಪ್ಪು ಅನ್ನೋದೇ ಇವತ್ತಿನ ವಿಷಯ.

ಮೊದಲ ರಾತ್ರಿ

ಬಂದರಿನಿಂದ ಗಾಡಿ ಬಿಡಿಸಿಕೊಂಡ ದಿನ ಮಾಮಾ ನವಿ ಮುಂಬೈನ ಒಂದು ಹೋಟೆಲ್ ಪಾರ್ಕಿಂಗ್‌ನಲ್ಲಿ ನಿಂತಿದ್ರು. ಟ್ರಾನ್ಸ್‌ಫಾರ್ಮರ್ ಪುಣೆಯಲ್ಲಿ ನನ್ನ ಹತ್ರ ಇತ್ತು. ಹೋಟೆಲಿನ ಎಲೆಕ್ಟ್ರಿಷಿಯನ್ ತುಂಬಾ ಉತ್ಸಾಹಿ. ಗಾಡಿಯ 30 ಆಂಪ್ ವೈರಿನ ತುದಿಗೆ ನಮ್ಮ ಮೂರು ಪಿನ್ನಿನ 16 ಆಂಪ್ ಪ್ಲಗ್ ಕಟ್ಟಿ, ಗೀಸರ್ ಪಾಯಿಂಟ್‌ಗೆ ಚುಚ್ಚಿದ. ಗಾಡಿಯಲ್ಲಿ ಏನೂ ಹತ್ತಲಿಲ್ಲ. ರಾತ್ರಿ ಹತ್ತಕ್ಕೆ ನನಗೆ ಫೋನ್: 'ಇಲ್ಲಿ ಏನೋ ಎರರ್ ತೋರಸ್ಲಿಕ್ಕತ್ತದ. ಪಕ್ಕದಾಗ ಬೈಪಾಸ್ ಅಂತ ಸ್ವಿಚ್ ಅದ, ಒತ್ತಲೇನು?'

ನನಗೆ ಕೈಕಾಲು ತಣ್ಣಗಾಯ್ತು. 'ಮಾಮಾ, ಅದನ್ನ ಮುಟ್ಟಬ್ಯಾಡ್ರಿ. ಮೊದಲು ಪ್ಲಗ್ ಕೀಳ್ರಿ.'

ಆಗಿದ್ದು ಇಷ್ಟು. ಅಮೆರಿಕದ ಒಳ್ಳೆ ಕ್ಯಾಂಪರ್‌ಗಳಲ್ಲಿ ಹೊರಗಿನ ಕರೆಂಟ್ ಒಳಗೆ ಬರೋ ಜಾಗದಲ್ಲಿ ಒಂದು ಕಾವಲು ಯಂತ್ರ ಇರುತ್ತೆ. ವೋಲ್ಟೇಜ್ ಹೆಚ್ಚಿದ್ರೆ, ಕಮ್ಮಿ ಇದ್ರೆ, ಫೇಸ್ ನ್ಯೂಟ್ರಲ್ ಉಲ್ಟಾ ಇದ್ರೆ, ಅರ್ಥಿಂಗ್ ಇಲ್ಲದಿದ್ರೆ ಅದು ಕರೆಂಟ್ ಒಳಗೆ ಬಿಡೋದೇ ಇಲ್ಲ. ಅದು 230 ನೋಡಿ ಬಾಗಿಲು ಹಾಕಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಎಕ್ಸೆಪ್ಶನ್ ಸರಿಯಾಗಿ ಎದ್ದಿದೆ, ಮಾಮಾ ಅದನ್ನ ಖಾಲಿ ಕ್ಯಾಚ್ ಬ್ಲಾಕ್ ಹಾಕಿ ನುಂಗಿಸೋಕೆ ಹೊರಟಿದ್ರು.

ಒತ್ತಿದ್ದರೆ? ಬಿಸಿ ಮಾಡೋ ಉಪಕರಣಗಳ ಲೆಕ್ಕ ಸುಲಭ: ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. 230ನ್ನ 120ರಿಂದ ಭಾಗಿಸಿ, ಬಂದದ್ದನ್ನ ಅದರಿಂದಲೇ ಗುಣಿಸಿ: ಸುಮಾರು 3.7. ಅಂದ್ರೆ 1,400 ವ್ಯಾಟಿನ ಹೀಟರ್ 5,000 ವ್ಯಾಟ್ ಎಳೆಯೋಕೆ ಹೋಗುತ್ತೆ. ಬ್ಯಾಟರಿ ತುಂಬಿಸೋ ಕನ್ವರ್ಟರ್, ಮೈಕ್ರೋವೇವ್, ಎಸಿಯ ಬೋರ್ಡ್ ಒಂದೊಂದಾಗಿ ಹೊಗೆ ಬಿಡ್ತಿದ್ವು. ಪ್ರಯಾಣದ ಪ್ಲಗ್ ಅಡಾಪ್ಟರ್ ಅಂತ ಏರ್‌ಪೋರ್ಟ್‌ನಲ್ಲಿ ಮಾರ್ತಾರಲ್ಲ, ಅದು ಪಿನ್ನಿನ ಆಕಾರ ಮಾತ್ರ ಬದಲಿಸುತ್ತೆ, ವೋಲ್ಟೇಜ್ ಮುಟ್ಟಲ್ಲ. ನಿಮ್ಮ ಲ್ಯಾಪ್‌ಟಾಪ್ ಅದರ ಮೇಲೆ ನಡೆಯೋದು ಯಾಕಂದ್ರೆ ಲ್ಯಾಪ್‌ಟಾಪ್ ಚಾರ್ಜರೇ ಜಾಣ. ಅದರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಅಂತ ಇರುತ್ತೆ. ಈ ಸಾಲು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಅವತ್ತು ರಾತ್ರಿ ಗಾಡಿಯ ಬ್ಯಾಟರಿ ಮೇಲೆ ಫ್ರಿಜ್ ಓಡಿತು. ಇಬ್ಬರೂ ಹೋಟೆಲ್ ರೂಮಿನಲ್ಲಿ ಮಲಗಿದ್ರು. ಸಿಪ್ಯಾಪ್‌ನ ಚಾರ್ಜರ್ ಮೇಲೂ ಅದೇ 100-240 ಸಾಲು ಇತ್ತು, ಹಾಗಾಗಿ ಅದನ್ನ ರೂಮಿನ ಪ್ಲಗ್‌ಗೆ ಹಾಕಿದ್ದರಲ್ಲಿ ತೊಂದರೆ ಆಗಲಿಲ್ಲ.

ಟ್ರಾನ್ಸ್‌ಫಾರ್ಮರ್ ಯಾಕೆ ಸಾಲಲಿಲ್ಲ

ಮರುದಿನ ಪುಣೆ. ಬುಧವಾರ ಪೇಟೆಯ ತಪ್ಕೀರ್ ಗಲ್ಲಿ ಗೊತ್ತಿಲ್ಲದ ಪುಣೆ ಇಂಜಿನಿಯರ್ ಇಲ್ಲ, ನಮ್ಮ ಬೆಂಗಳೂರಿನ ಎಸ್.ಪಿ. ರೋಡ್ ಇದ್ದ ಹಾಗೆ. ಅಲ್ಲಿಂದ ತಂದಿದ್ದ ದೊಡ್ಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಇಟ್ಟು ಜೋಡಿಸಿದೆ. ಮೀಟರ್‌ನಲ್ಲಿ 115 ವೋಲ್ಟ್ ಬಂತು. ಲೈಟ್ ಹತ್ತಿದ್ವು, ಎಲ್ಲರಿಗೂ ಖುಷಿ. ಮೈಕ್ರೋವೇವ್ ಗಡಿಯಾರಕ್ಕೆ ಟೈಮ್ ಹೊಂದಿಸಿ ಮೇಲೆ ಚಹಾ ಕುಡಿಯೋಕೆ ಹೋದ್ವಿ.

ಒಂದು ಗಂಟೆ ಬಿಟ್ಟು ಬಂದ್ರೆ ಆ ಗಡಿಯಾರ ಹತ್ತು ನಿಮಿಷ ಹಿಂದೆ.

ಆ ಹತ್ತು ನಿಮಿಷದಲ್ಲೇ ಎಲ್ಲಾ ಉತ್ತರ ಇದೆ. ಅಂಥ ಗಡಿಯಾರ ಕರೆಂಟಿನ ಅಲೆಗಳನ್ನ ಎಣಿಸಿ ಸಮಯ ಹೇಳುತ್ತೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಅಲೆ, ಇಲ್ಲಿ 50. ಅದು 60 ಎಣಿಸೋವರೆಗೂ ಒಂದು ಸೆಕೆಂಡ್ ಆಗಿಲ್ಲ ಅಂದ್ಕೊಂಡು ಕಾಯುತ್ತೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, ಫ್ರೀಕ್ವೆನ್ಸಿಯನ್ನ ಮುಟ್ಟೋದೇ ಇಲ್ಲ.

ಗಡಿಯಾರ ಹಿಂದೆ ಬಿದ್ರೆ ಯಾರಿಗೂ ನಷ್ಟ ಇಲ್ಲ. ಆದರೆ ಎಸಿಯ ಕಂಪ್ರೆಸರ್ ಮೋಟರ್ ಅದೇ ಕರೆಂಟಿನ ಮೇಲೆ ಓಡಬೇಕು. ಮೋಟರ್ ಆಗಲಿ ಟ್ರಾನ್ಸ್‌ಫಾರ್ಮರ್ ಆಗಲಿ, ಒಳಗಿನ ಕಬ್ಬಿಣದಲ್ಲಿ ಎಷ್ಟು ಕಾಂತಶಕ್ತಿ ತುಂಬುತ್ತೆ ಅನ್ನೋದು ವೋಲ್ಟೇಜನ್ನ ಫ್ರೀಕ್ವೆನ್ಸಿಯಿಂದ ಭಾಗಿಸಿದ ಲೆಕ್ಕ. 120 ಭಾಗಿಸು 60 ಅಂದ್ರೆ 2. ಅದಕ್ಕಂತಲೇ ಕಬ್ಬಿಣ ಅಳೆದು ಹಾಕಿರ್ತಾರೆ. ನನ್ನ ಪಾರ್ಕಿಂಗ್‌ನಲ್ಲಿ 115 ಭಾಗಿಸು 50, ಅಂದ್ರೆ 2.3. ಶೇಕಡಾ 15 ಹೆಚ್ಚು. ಕಬ್ಬಿಣ ಒಂದು ಮಟ್ಟದ ಮೇಲೆ ಇನ್ನು ತುಂಬಿಕೊಳ್ಳಲ್ಲ, ಆಗ ಕರೆಂಟ್ ಸುಮ್ಮನೆ ಏರಿ ಶಾಖ ಆಗುತ್ತೆ. ಇನ್ನೊಂದು ಕಡೆ ಮೋಟರಿನ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತೆ, ತಣ್ಣಗೆ ಮಾಡೋ ಕೆಲಸವೂ ಕಮ್ಮಿ. ಹೆಚ್ಚು ಬಿಸಿ ಆಗೋದು, ಕಮ್ಮಿ ಕೆಲಸ ಮಾಡೋದು. ಎಸಿ ಹಾಕಿದಾಗ ಗುಂಯ್ ಅಂತ ಒಂದು ಸದ್ದು ಬಂತು, ಮೂರನೇ ಸಲ ಬ್ರೇಕರ್ ಬಿತ್ತು. ಮೈಕ್ರೋವೇವ್ ಹಳೇ ನಮೂನೆಯದಾದ್ರೆ ಅದರ ಟ್ರಾನ್ಸ್‌ಫಾರ್ಮರ್‌ಗೂ ಇದೇ ಗತಿ.

ಅದಕ್ಕಿಂತ ಕೆಟ್ಟ ಸಂಗತಿ ಒಂದಿತ್ತು, ಅದು ನನಗೆ ಹೊಳೆದಿದ್ದು ಮೀಟರ್ ಕೈಯಲ್ಲಿದ್ದಿದ್ದಕ್ಕೆ. ನಾನು ತಂದಿದ್ದು ಆಟೋ ಟ್ರಾನ್ಸ್‌ಫಾರ್ಮರ್. ಅಗ್ಗ, ಹಗುರ, ಒಂದೇ ಸುತ್ತಿನ ತಂತಿ. ಒಳಬರೋ ನ್ಯೂಟ್ರಲ್ಲೇ ಹೊರಹೋಗೋ ನ್ಯೂಟ್ರಲ್. ಸಾಕೆಟ್ ಸರಿಯಾಗಿದ್ರೆ ಪರವಾಗಿಲ್ಲ. ನಮ್ಮ ಪಾರ್ಕಿಂಗ್‌ನ ಸಾಕೆಟ್‌ನಲ್ಲಿ ಯಾರೋ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು ಮಾಡಿ ಕೂರಿಸಿದ್ರು, ಇದು ನಮ್ಮ ದೇಶದಲ್ಲಿ ಅಪರೂಪ ಏನಲ್ಲ. ಪರಿಣಾಮ: ಗಾಡಿಯ ನ್ಯೂಟ್ರಲ್ ತಂತಿಗೂ ನೆಲಕ್ಕೂ ನಡುವೆ 228 ವೋಲ್ಟ್. ಅಮೆರಿಕದ ಗಾಡಿಯ ಬ್ರೇಕರ್‌ಗಳು ಬಿಸಿ ತಂತಿಯನ್ನ ಮಾತ್ರ ಕತ್ತರಿಸ್ತವೆ, ನ್ಯೂಟ್ರಲ್ ಹಾಗೇ ಇರುತ್ತೆ. ಅಂದ್ರೆ ಎಲ್ಲಾ ಬ್ರೇಕರ್ ಇಳಿಸಿ 'ಆಫ್ ಆಗಿದೆ' ಅಂತ ಮಾಮಾ ಕೈ ಹಾಕಿದ್ರೂ ಒಳಗೆ 228 ವೋಲ್ಟ್ ಕಾಯ್ತಿತ್ತು. ನಮ್ಮ ಟೆಸ್ಟರ್ ಸ್ಕ್ರೂಡ್ರೈವರ್ ಇದೆಯಲ್ಲ, ಒಳಗೆ ಸಣ್ಣ ದೀಪ ಇರೋದು, ಅದನ್ನ ನ್ಯೂಟ್ರಲ್ ಬಸ್ ಮೇಲೆ ಇಟ್ರೆ ಜಗ್ಗನೆ ಹತ್ತಿತು. ಮಾಮಿ ಸ್ಟೀಲಿನ ಸಿಂಕಿನ ಹತ್ರ ಬರಿಗಾಲಲ್ಲಿ ನಿಂತಿದ್ರು. ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ.

ಬಳಸಲೇಬೇಕು ಅಂದ್ರೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ, ಎರಡು ಬೇರೆ ಬೇರೆ ಸುತ್ತು ಇರೋದು. ಭಾರ ಹೆಚ್ಚು, ದುಡ್ಡೂ ಹೆಚ್ಚು. ಅದೂ ಫ್ರೀಕ್ವೆನ್ಸಿ ಸರಿ ಮಾಡಲ್ಲ.

ಗಡಿ ಎಲ್ಲಿ ಹಾಕಬೇಕು

ಅವತ್ತು ರಾತ್ರಿ ಕಾಗದ ತಗೊಂಡು ಕೂತೆ. ಆಗ ನೆನಪಾಗಿದ್ದು ನಮ್ಮದೇ ರಾಜ್ಯದ ಕರೆಂಟಿನ ಕಥೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹೋಯ್ತು ಅಂತ ಶಾಲೆಯಲ್ಲಿ ಓದಿದ್ದೀವಿ. ಆ ಯಂತ್ರಗಳನ್ನ ಕೊಟ್ಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ, ಅವು ಓಡ್ತಿದ್ದದ್ದು 25 ಹರ್ಟ್ಸ್‌ನಲ್ಲಿ. ಇವತ್ತು ದೇಶಕ್ಕೆಲ್ಲಾ ಇರೋದು 50. ಫ್ರೀಕ್ವೆನ್ಸಿ ಅನ್ನೋದು ಪ್ರಕೃತಿ ಕೊಟ್ಟಿದ್ದಲ್ಲ, ಮೊದಲು ಬಂದ ಯಂತ್ರದ ಜೊತೆ ಬಂದಿದ್ದು.

ಇನ್ನೊಂದು ಕಥೆ ಹೊಸದು. 2013ರ ಡಿಸೆಂಬರ್ 31ರವರೆಗೂ ದಕ್ಷಿಣ ಭಾರತದ ವಿದ್ಯುತ್ ಜಾಲ ಉಳಿದ ದೇಶದ ಜೊತೆ ತಾಳ ಹೊಂದಿಸಿ ಓಡ್ತಿರಲಿಲ್ಲ. ಕರ್ನಾಟಕದಲ್ಲೂ 50, ಮಹಾರಾಷ್ಟ್ರದಲ್ಲೂ 50, ಆದರೆ ಎರಡು ಅಲೆಗಳ ಹೆಜ್ಜೆ ಬೇರೆ ಬೇರೆ. ನೇರ ತಂತಿ ಕಟ್ಟಿದ್ರೆ ಅನಾಹುತ. ಆ ದಿನ ರಾಯಚೂರು-ಸೋಲಾಪುರ ನಡುವಿನ 765 ಕಿಲೋವೋಲ್ಟ್ ಲೈನ್ ಶುರುವಾದಮೇಲೆ ಇಡೀ ದೇಶ ಒಂದೇ ತಾಳಕ್ಕೆ ಬಂತು. ಅದಕ್ಕೂ ಮುಂಚೆ ದಕ್ಷಿಣಕ್ಕೆ ಕರೆಂಟ್ ಬರ್ತಿತ್ತಲ್ಲ, ಹೇಗೆ? ನಡುವೆ ಡಿಸಿ ಹಾಕಿ. ಚಂದ್ರಾಪುರದಲ್ಲಿ ಒಂದು ಕಡೆಯ ಎಸಿಯನ್ನ ಡಿಸಿ ಮಾಡಿ, ತಕ್ಷಣ ಪಕ್ಕದಲ್ಲೇ ಇನ್ನೊಂದು ಕಡೆಯ ತಾಳಕ್ಕೆ ಎಸಿ ಮಾಡ್ತಿದ್ರು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರೋ ದೊಡ್ಡ ಲೈನ್ ಕೂಡ ಡಿಸಿನೇ. ಡಿಸಿಗೆ ಅಲೆ ಇಲ್ಲ, ಅಲೆ ಇಲ್ಲದಿದ್ದಮೇಲೆ ತಾಳದ ಜಗಳವೂ ಇಲ್ಲ.

ಈಗ ಕ್ಯಾಂಪರ್ ನೋಡಿ. ಅದರ ಹೊಟ್ಟೆಯಲ್ಲಿ ಆಗಲೇ ಒಂದು ಡಿಸಿ ಇದೆ: 12 ವೋಲ್ಟಿನ ಬ್ಯಾಟರಿ. ಲೈಟು, ನೀರಿನ ಪಂಪು, ಫ್ಯಾನು, ಮಾಮಿಯ ಇನ್ಸುಲಿನ್ ಇರೋ ಕಂಪ್ರೆಸರ್ ಫ್ರಿಜ್, ಎಲ್ಲಾ ಅದರ ಮೇಲೇ ಓಡ್ತವೆ. 12 ವೋಲ್ಟ್ ಡಿಸಿಗೆ ಟೆಕ್ಸಾಸೂ ಒಂದೇ, ಪುಣೆಯೂ ಒಂದೇ. ನಾನು ಮಾಡಿದ ತಪ್ಪು ಏನಂದ್ರೆ ಎರಡು ದೇಶದ ಗಡಿಯನ್ನ ಗಾಡಿಯ ಪ್ಲಗ್‌ನಲ್ಲಿ ಎಳೆದಿದ್ದು. ಗಡಿ ಬ್ಯಾಟರಿಯಲ್ಲಿ ಇರಬೇಕು. ಬ್ಯಾಟರಿಯ ಆ ಕಡೆ ಭಾರತ, ಈ ಕಡೆ ಅಮೆರಿಕ.

ಹೇಗಂದ್ರೆ: ಗೋಡೆಯ ಪ್ಲಗ್‌ನಿಂದ ಬರೋ ಕರೆಂಟ್ ಒಂದು ಒಳ್ಳೆ ಬ್ಯಾಟರಿ ಚಾರ್ಜರ್‌ಗೆ ಮಾತ್ರ ಹೋಗಬೇಕು, 90ರಿಂದ 265 ವೋಲ್ಟ್‌ವರೆಗೆ ಏನು ಕೊಟ್ರೂ ತಿನ್ನೋ ಅಂಥದ್ದು. ಅದೇ ಲ್ಯಾಪ್‌ಟಾಪ್ ಚಾರ್ಜರಿನ ಜಾತಿ. ಅದು ಬ್ಯಾಟರಿ ತುಂಬಿಸುತ್ತೆ. ಬ್ಯಾಟರಿಯಿಂದ ಒಂದು ಪ್ಯೂರ್ ಸೈನ್ ಇನ್ವರ್ಟರ್ 120 ವೋಲ್ಟ್, 60 ಹರ್ಟ್ಸ್ ತಯಾರಿಸಿ ಗಾಡಿಗೆ ಕೊಡುತ್ತೆ. ಗಾಡಿಯ ಕಣ್ಣಿಗೆ ಅದು ಇನ್ನೂ ಟೆಕ್ಸಾಸ್‌ನಲ್ಲೇ ಇದೆ. ಮಾಮಾ ಅದಾಗಲೇ ಅಮೆರಿಕದ 3,000 ವ್ಯಾಟಿನ ಇನ್ವರ್ಟರ್ ಹಾಕಿಸಿದ್ರು, 200 ಆಂಪ್-ಅವರ್ ಲಿಥಿಯಂ ಬ್ಯಾಟರಿನೂ ಇತ್ತು. ನಾವು ಹೊಸದಾಗಿ ತಂದದ್ದು 50 ಆಂಪಿನ ಚಾರ್ಜರ್ ಒಂದೇ.

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಗಾಡಿಯ ಹಳೇ ಕನ್ವರ್ಟರ್ 120 ವೋಲ್ಟ್ ಸಿಕ್ಕ ತಕ್ಷಣ ಬ್ಯಾಟರಿ ತುಂಬಿಸೋಕೆ ಶುರು ಮಾಡುತ್ತೆ. ಈಗ ಆ 120 ಬರ್ತಿರೋದು ಅದೇ ಬ್ಯಾಟರಿಯಿಂದ. ಬ್ಯಾಟರಿ ಇನ್ವರ್ಟರ್‌ಗೆ, ಇನ್ವರ್ಟರ್ ಕನ್ವರ್ಟರ್‌ಗೆ, ಕನ್ವರ್ಟರ್ ಬ್ಯಾಟರಿಗೆ. ಕೊನೆಯಿಲ್ಲದ ಲೂಪ್, ಪ್ರತಿ ಸುತ್ತಿಗೂ ಒಂದಿಷ್ಟು ಶಾಖವಾಗಿ ಸೋರಿ ಬೆಳಗ್ಗೆ ಹೊತ್ತಿಗೆ ಬ್ಯಾಟರಿ ಖಾಲಿ. ಆ ಕನ್ವರ್ಟರಿನ ಬ್ರೇಕರ್ ಇಳಿಸಿ, ಮೇಲೆ ಟೇಪ್ ಅಂಟಿಸಿ, ಕನ್ನಡದಲ್ಲಿ 'ಮುಟ್ಟಬೇಡಿ' ಅಂತ ಬರೆದೆ.

ಲೆಕ್ಕ ನೋಡೋಣ

ಬ್ಯಾಟರಿ: 200 ಆಂಪ್-ಅವರ್ ಗುಣಿಸು 12.8 ವೋಲ್ಟ್, ಅಂದ್ರೆ 2.5 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಬಿಲ್‌ನಲ್ಲಿ ಬರೋ ಅದೇ ಯೂನಿಟ್. ರಾತ್ರಿಯ ಖರ್ಚು: ಸಿಪ್ಯಾಪ್, ನೀರಿನ ಆವಿ ಬಂದ್ ಮಾಡಿದ್ರೆ ಸುಮಾರು 40 ವ್ಯಾಟ್, 8 ಗಂಟೆಗೆ 320. ಫ್ರಿಜ್ ಅರ್ಧ ಸಮಯ ಓಡಿದ್ರೆ 300ರ ಹತ್ರ. ಎರಡು ಫ್ಯಾನು, ಲೈಟು, ಫೋನ್ ಚಾರ್ಜು ಸೇರಿ ಇನ್ನೊಂದು 300. ಒಟ್ಟು ಒಂದು ಯೂನಿಟ್ ಒಳಗೆ. ಪ್ಲಗ್ ಸಿಗದೇ ಹೋದ್ರೂ ಒಂದು ರಾತ್ರಿ ಪೂರ್ತಿ ದಾಟಬಹುದು, ಮಾಮಿಯ ಔಷಧಿಗೆ ಏನೂ ಆಗಲ್ಲ. ಈ ಸಂಖ್ಯೆ ಬಂದಮೇಲೆ ನನಗೆ ನಿದ್ದೆ ಬಂತು.

ಎಸಿ ವಿಷಯ ಬೇರೆ. ಓಡುವಾಗ 1,400 ವ್ಯಾಟ್ ಎಳೆಯುತ್ತೆ, 12 ವೋಲ್ಟ್ ಕಡೆ ಅದು 120 ಆಂಪ್ ಆಗುತ್ತೆ, ಬೆರಳು ದಪ್ಪದ ತಂತಿ ಬೇಕು. ಶುರುವಾಗೋ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತೆ. ಅದಕ್ಕೆ ಸಾಫ್ಟ್ ಸ್ಟಾರ್ಟರ್ ಅಂತ ಒಂದು ಸಣ್ಣ ಡಬ್ಬಿ ಇರುತ್ತೆ, ಅದಿಲ್ಲದೆ ಇನ್ವರ್ಟರ್ ಒಪ್ಪಲ್ಲ. ಎಲ್ಲಾ ಇದ್ರೂ ಬರೀ ಬ್ಯಾಟರಿ ಮೇಲೆ ಒಂದೂವರೆ ಗಂಟೆ ಅಷ್ಟೇ. ನಾವು ಮಾಡಿಕೊಂಡ ಒಪ್ಪಂದ: ಸಂಜೆ ಮಲಗೋ ಮುಂಚೆ ಒಂದು ಗಂಟೆ ಎಸಿ, ಆಮೇಲೆ ಫ್ಯಾನು, ರಾತ್ರಿ ಪ್ಲಗ್‌ನಿಂದ ಬ್ಯಾಟರಿ ತುಂಬಿಸಿಕೊಳ್ಳೋದು. 'ಅಮೆರಿಕದಾಗ ರಾತ್ರಿಯೆಲ್ಲಾ ಹಾಕ್ತಿದ್ವಿ' ಅಂತ ಮಾಮಾ ಗೊಣಗಿದ್ರು. ಮಾಮಿ 'ನಾ ಹುಟ್ಟಿದ ಮನ್ಯಾಗ ಫ್ಯಾನೂ ಇರ್ಲಿಲ್ಲ' ಅಂದ್ರು, ಅಲ್ಲಿಗೆ ಮುಗೀತು.

ಈ ವ್ಯವಸ್ಥೆಯ ನಿಜವಾದ ಲಾಭ ನನಗೆ ದಾರಿಯಲ್ಲಿ ಗೊತ್ತಾಯ್ತು, ನಾನು ಬೆಳಗಾವಿಯವರೆಗೂ ಜೊತೆಗೆ ಹೋಗಿದ್ದೆ. ಚಾರ್ಜರ್ ಎಳೆಯೋದು 780 ವ್ಯಾಟ್, 230 ವೋಲ್ಟ್‌ನಲ್ಲಿ 3.4 ಆಂಪ್. ಅಂದ್ರೆ ಗೀಸರಿನ ದೊಡ್ಡ ಪಾಯಿಂಟ್ ಹುಡುಕೋದೇ ಬೇಡ, ಢಾಬಾದಲ್ಲಿ ಟಿವಿಗೆ ಹಾಕಿರೋ ಸಣ್ಣ ಪಾಯಿಂಟ್ ಸಾಕು. ಕೊಲ್ಹಾಪುರ ದಾಟಿ ಒಂದು ಪೆಟ್ರೋಲ್ ಬಂಕ್ ಪಕ್ಕ ನಿಂತಾಗ ಸಂಜೆ ವೋಲ್ಟೇಜ್ 180ಕ್ಕೆ ಇಳಿದಿತ್ತು, ಅಕ್ಕಪಕ್ಕದ ಟ್ಯೂಬ್‌ಲೈಟ್ ಮಿಟುಕ್ತಿತ್ತು. ನನ್ನ ಟ್ರಾನ್ಸ್‌ಫಾರ್ಮರ್ ಇದ್ದಿದ್ರೆ ಒಳಗೆ 90 ವೋಲ್ಟ್ ಹೋಗಿ ಎಸಿಯ ಮೋಟರ್ ತಿರುಗದೇ ಸುಟ್ಟುಕೊಳ್ತಿತ್ತು. ಚಾರ್ಜರ್ ಸುಮ್ಮನೆ ಸ್ವಲ್ಪ ಹೆಚ್ಚು ಆಂಪ್ ಎಳೆದು ಕೆಲಸ ಮುಂದುವರಿಸಿತು. ನಡುವೆ ಲೋಡ್‌ಶೆಡ್ಡಿಂಗ್ ಆಗಿ ಕರೆಂಟ್ ಹೋಗಿ ಬಂದಿದ್ದು ಒಳಗಿದ್ದ ಮಾಮಿಗೆ ಗೊತ್ತೇ ಆಗಲಿಲ್ಲ. ಎರಡು ಸರ್ವರ್ ನಡುವೆ ಕ್ಯೂ ಇಟ್ಟ ಹಾಗೆ.

ಅರ್ಥಿಂಗ್ ಮಾತ್ರ ಪ್ರತಿ ಸಲ ನೋಡಲೇಬೇಕು. ಗಾಡಿ ನಿಂತಿರೋದು ರಬ್ಬರ್ ಟೈರ್ ಮೇಲೆ, ಮೈ ಎಲ್ಲಾ ಲೋಹ. ಮೂರನೇ ಪಿನ್ನಿನ ಹಿಂದೆ ತಂತಿಯೇ ಇಲ್ಲದ ಸಾಕೆಟ್‌ಗಳು ನಮ್ಮಲ್ಲಿ ಎಷ್ಟು ಅಂತೀರಿ. ಚಾರ್ಜರಿನ ಮುಂದೆ 30 ಮಿಲಿಆಂಪಿನ ಒಂದು ಆರ್‌ಸಿಸಿಬಿ ಕೂರಿಸಿ, ಪ್ಲಗ್ ಹಾಕಿದ ಮೇಲೆ ಗಾಡಿಯ ಬಾಗಿಲಿಗೆ ಟೆಸ್ಟರ್ ತಾಗಿಸಿ ನೋಡಿ. ದೀಪ ಮಿನುಗಿದ್ರೆ ಆ ಜಾಗ ಬಿಡಿ. ಮತ್ತೆ, 230 ವೋಲ್ಟಿನ ಜೋಡಣೆಯನ್ನ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನನ್ನಂಥ ಜಾವಾ ಬರೆಯೋರ ಕೈಯಲ್ಲಿ ಬೇಡ.

ಯಾರ ಜೊತೆ ಮಾತಾಡುತ್ತೆ?

ಕರೆಂಟ್ ಬಿಟ್ಟು ಉಳಿದ ಎಲೆಕ್ಟ್ರಾನಿಕ್ಸ್‌ಗೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇದು ಯಾರ ಜೊತೆ ಮಾತಾಡುತ್ತೆ? ತನ್ನ ಗಾಡಿಯ ಜೊತೆ ಮಾತ್ರ ಮಾತಾಡೋದಾದ್ರೆ ಬಿಟ್ಟುಬಿಡಿ. ಹೊರಗಿನವರ ಜೊತೆ ಮಾತಾಡೋದಾದ್ರೆ ಭಾಷೆ ಬದಲಾಗಿದೆ ಅಂತ ತಿಳ್ಕೊಳ್ಳಿ.

ರಿವರ್ಸ್ ಕ್ಯಾಮೆರಾ ಮತ್ತು ಅದರ ಪರದೆ ಒಂದೇ ಗಾಡಿಯ ಜೋಡಿ, ಅವುಗಳ ಮಧ್ಯೆ ಯಾವ ದೇಶದ ಫಾರ್ಮ್ಯಾಟ್ ಇದ್ರೆ ನಮಗೇನು. ಟಿವಿ ಹಾಗಲ್ಲ, ಅಮೆರಿಕದ ಟ್ಯೂನರ್‌ಗೆ ನಮ್ಮ ದೂರದರ್ಶನದ ಸಿಗ್ನಲ್ ಅರ್ಥ ಆಗಲ್ಲ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಹಾಕಿದ್ರೆ ನಡೆಯುತ್ತೆ. ಟೋಲ್ ಟ್ಯಾಗ್: ಅಮೆರಿಕದವು 915 ಮೆಗಾಹರ್ಟ್ಸ್ ಹತ್ರ ಕೆಲಸ ಮಾಡ್ತವೆ, ನಮ್ಮ ಫಾಸ್ಟ್ಯಾಗ್ 865ರಿಂದ 867ರಲ್ಲಿ. ಮಾಮಾ ಗಾಜಿಗೆ ಅಂಟಿಸಿದ್ದ ಟ್ಯಾಗ್ ಖೇಡ್ ಶಿವಾಪುರ ಟೋಲ್‌ನಲ್ಲಿ ಬರೀ ಸ್ಟಿಕ್ಕರ್.

ಹೆಡ್‌ಲೈಟ್ ಕೂಡ ಮಾತಾಡುತ್ತೆ, ಎದುರಿನ ಡ್ರೈವರ್ ಜೊತೆ. ಅಮೆರಿಕದ ಲೋ ಬೀಮ್ ಬಲಗಡೆಗೆ ಸ್ವಲ್ಪ ಮೇಲೇಳುತ್ತೆ, ಅಲ್ಲಿ ಬಲಗಡೆ ಅಂದ್ರೆ ರಸ್ತೆ ಅಂಚು. ಇಲ್ಲಿ ಬಲಗಡೆ ಅಂದ್ರೆ ಎದುರು ಬರೋ ಲಾರಿಯವನ ಕಣ್ಣು. ಗಾಜಿನ ಆ ಭಾಗಕ್ಕೆ ಕಪ್ಪು ಪಟ್ಟಿ ಅಂಟಿಸಿದ್ವಿ. ರಾತ್ರಿ ಓಡಿಸೋದನ್ನೂ ಬಿಟ್ವಿ. ಎಡಗೈ ಸ್ಟೀರಿಂಗ್ ಗಾಡಿಗೆ ಕೆಲಸ ಮಾಡೋ ಸಿಗ್ನಲ್ ಸಾಧನ ಇರಲೇಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಹೇಳುತ್ತೆ. ಹಳೇ ಜೀಪುಗಳ ಹಿಂದೆ 'ಲೆಫ್ಟ್ ಹ್ಯಾಂಡ್ ಡ್ರೈವ್' ಅಂತ ಬರೆದಿರ್ತಿತ್ತಲ್ಲ, ಮಾಮಾನೂ ಹಾಗೇ ಬರೆಸಿದ್ರು.

ಒಂದು ವಸ್ತುವಿನ ಬಗ್ಗೆ ಮಾತ್ರ ಗಂಭೀರವಾಗಿ ಹೇಳ್ತೀನಿ. ಅಲ್ಲಿ ಕಾಡು ಸುತ್ತೋರು ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೇಜ್ ಕಳಿಸೋ ಸಣ್ಣ ಡಬ್ಬಿ ಇಟ್ಕೊಂಡಿರ್ತಾರೆ. ಥುರಾಯಾ, ಇರಿಡಿಯಂ ಜಾತಿಯವನ್ನ ಭಾರತಕ್ಕೆ ಅನುಮತಿ ಇಲ್ಲದೆ ತರೋದು ಅಪರಾಧ. ಏರ್‌ಪೋರ್ಟ್‌ನಲ್ಲಿ ಹಿಡಿದು ಕೇಸ್ ಹಾಕಿದ ಉದಾಹರಣೆಗಳಿವೆ. ಗಾಡಿಯ ಯಾವುದೋ ಡ್ರಾಯರ್‌ನಲ್ಲಿ ಮರೆತಿರಬಹುದು, ಹಡಗು ಹತ್ತಿಸೋ ಮುಂಚೆ ಹುಡುಕಿ ತೆಗೆದು ಅಲ್ಲೇ ಬಿಟ್ಟು ಬನ್ನಿ.

ಇಂಜಿನ್ ಕಂಪ್ಯೂಟರ್ ಬಗ್ಗೆ ನನಗೆ ಭಯ ಇತ್ತು, ಆದರೆ ಅದು ಇಂಧನದ ಜೊತೆ ಮಾತಾಡೋ ಯಂತ್ರ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದಮೇಲೆ ನಮ್ಮ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ, ಅಮೆರಿಕದಲ್ಲಿ 15. ನಮ್ಮದೇ ಶುದ್ಧ! ಆಡ್‌ಬ್ಲೂ ದ್ರಾವಣನೂ ಹೈವೇ ಬಂಕ್‌ಗಳಲ್ಲಿ ಸಿಗುತ್ತೆ. ಒಂದೂ ವಾರ್ನಿಂಗ್ ಲೈಟ್ ಹತ್ತಲಿಲ್ಲ.

ಇನ್ನು ರೇಡಿಯೋ. ಮಾಮಾಗೆ ಊರಿನ ದಾರಿಯಲ್ಲಿ ಧಾರವಾಡ ಆಕಾಶವಾಣಿ ಕೇಳಬೇಕು ಅಂತ ಬಹಳ ಆಸೆ. ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್, ಚಿಕ್ಕಂದಿನಿಂದ ಬಾಯಿಪಾಠ. ಸಾಂಗ್ಲಿ ರಸ್ತೆ ತಿರುವು ದಾಟಿದಾಗಿನಿಂದ ಗುಂಡಿ ತಿರುಗಿಸ್ತಾನೇ ಇದ್ರು. ಗಾಡಿಯ ರೇಡಿಯೋ 760 ತೋರಿಸುತ್ತೆ, ಆಮೇಲೆ ನೇರ 770. ನಡುವೆ ನಿಲ್ಲೋದೇ ಇಲ್ಲ. ಅಮೆರಿಕದಲ್ಲಿ ಎಎಂ ಸ್ಟೇಷನ್‌ಗಳು 10 ಕಿಲೋಹರ್ಟ್ಸ್ ಅಂತರದಲ್ಲಿ, ನಮ್ಮಲ್ಲಿ 9ರ ಮಗ್ಗಿ: 9 ಎಂಬತ್ತೈದಲೆ 765. ಬೆಂಗಳೂರಿನ 612 ಕೂಡ 9ರ ಮಗ್ಗಿಯದ್ದೇ. ಎಫ್‌ಎಂನಲ್ಲೂ ಇದೇ ಥರ ಕಾಟ, ಅಲ್ಲಿ ಚುಕ್ಕೆ ನಂತರ ಬೆಸ ಸಂಖ್ಯೆ ಮಾತ್ರ. ಹಾಗಾಗಿ 98.3 ಸಿಗುತ್ತೆ, 104.0 ಸಿಗಲ್ಲ. ಕೆಲವು ರೇಡಿಯೋಗಳ ಸೆಟ್ಟಿಂಗ್‌ನಲ್ಲಿ ಪ್ರದೇಶ ಬದಲಿಸೋ ಆಯ್ಕೆ ಇರುತ್ತೆ, ಇದರಲ್ಲಿ ಇರಲಿಲ್ಲ. ಕೊನೆಗೆ ನಿಪ್ಪಾಣಿಯಲ್ಲಿ ಒಂದು ಬ್ಯಾಟರಿ ರೇಡಿಯೋ ತಗೊಂಡ್ವಿ, ಮುಳ್ಳು ತಿರುಗಿಸೋದು. ಅಷ್ಟೆಲ್ಲಾ ಎಲೆಕ್ಟ್ರಾನಿಕ್ಸ್ ನಡುವೆ ಮಾಮಾ ಅತಿ ಹೆಚ್ಚು ಮುಟ್ಟಿದ್ದು ಅದನ್ನೇ.

ಇಲ್ಲೇ ಇಟ್ಕೋಬಹುದಾ?

ವಾಪಸ್ ಬರೋ ಯೋಚನೆಯಲ್ಲಿ ಇರೋರು ಇದನ್ನೇ ಕೇಳ್ತಾ ಇದ್ದೀರಿ. ಮಾಮಾ ತಂದಿದ್ದು ಕಾರ್ನೆ ಮೇಲೆ. ಅದು ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ, ತಾತ್ಕಾಲಿಕವಾಗಿ ತಂದು ವಾಪಸ್ ಒಯ್ಯಬೇಕು. ಶಾಶ್ವತವಾಗಿ ಆಮದು ಮಾಡೋದಾದ್ರೆ ಬಳಸಿದ ಗಾಡಿ ಮೂರು ವರ್ಷಕ್ಕಿಂತ ಹಳೆಯದಿರಬಾರದು, ಬಲಗೈ ಸ್ಟೀರಿಂಗ್ ಇರಬೇಕು, ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿ, ಹೆಡ್‌ಲೈಟ್ ಎಡಬದಿ ಸಂಚಾರಕ್ಕೆ ಹೊಂದಬೇಕು, ಬರಬೇಕಾದ್ದು ಮುಂಬೈ ಬಂದರಿಗೆ. ಸುಂಕದ ಮಾತು ಬಿಡಿ, ಬಹಳ ಭಾರ. ಅಮೆರಿಕದ ಕ್ಯಾಂಪರ್ ಸ್ಟೀರಿಂಗ್ ಸಾಲಿನಲ್ಲೇ ಫೇಲು. ಲಂಡನ್ ಕಡೆ ಇರೋರಿಗೆ ಹೋಲಿಕೆಯಲ್ಲಿ ಸುಲಭ: ಬಲಗೈ ಸ್ಟೀರಿಂಗ್, 230 ವೋಲ್ಟ್, 50 ಹರ್ಟ್ಸ್, ಪ್ಲಗ್ ಬದಲಿಸಿದ್ರೆ ಹೆಚ್ಚುಕಮ್ಮಿ ಮುಗೀತು.

ನನ್ನ ಅಭಿಪ್ರಾಯ ಕೇಳಿದ್ರೆ ಇಲ್ಲೇ ಕಟ್ಟಿಸಿ. ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗೋ ಫೋರ್ಸ್ ಟ್ರಾವೆಲರ್ ಮೇಲೆ ಕ್ಯಾರವಾನ್ ಕಟ್ಟೋರಿದ್ದಾರೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಅಂತ ಪ್ರತ್ಯೇಕ ಮಾನದಂಡ ಇದೆ, ಅದರ ಪರೀಕ್ಷೆ ಮಾಡೋ ಎಆರ್‌ಎಐ ಸಂಸ್ಥೆ ಇಲ್ಲೇ ಕೋಥ್ರೂಡಿನ ಗುಡ್ಡದ ಮೇಲಿದೆ. ಕಟ್ಟೋರ ಹತ್ರ ಆ ಪ್ರಮಾಣಪತ್ರ ಕೇಳಿ. ಸುಮ್ಮನೆ ಸೀಟ್ ಕಿತ್ತು ಹಾಸಿಗೆ ಹಾಕಿದ ಗಾಡಿ ಆರ್‌ಟಿಒ ಮುಂದೆ ನಿಲ್ಲಲ್ಲ.

ಮಾಮಾ, ಮಾಮಿ ಊರಿನಲ್ಲಿ ಐದು ವಾರ ಇದ್ರು. ಅಜ್ಜನ ಮನೆಯ ಹಿತ್ತಲಲ್ಲಿ ಗಾಡಿ, ದನದ ಕೊಟ್ಟಿಗೆಯ ಬಲ್ಬಿನ ಪಾಯಿಂಟಿನಿಂದ ಒಂದು ವೈರು, ಅದರ ತುದಿಗೆ ಚಾರ್ಜರ್. ಇನ್ಸುಲಿನ್ ಒಂದು ದಿನವೂ ಕೆಡಲಿಲ್ಲ. ಗಾಡಿ ಈಗ ಟೆಕ್ಸಾಸ್‌ಗೆ ವಾಪಸ್ ಹೋಗಿದೆ. ಚಾರ್ಜರನ್ನ ನನಗೆ ಬಿಟ್ಟು ಹೋಗ್ತಾರೆ ಅಂದ್ಕೊಂಡಿದ್ದೆ. ಅದರ ಬೆನ್ನ ಮೇಲಿನ 90-265 ಸಾಲು ಓದಿ, ಭಾರತದ ಪ್ಲಗ್ ಕತ್ತರಿಸಿ ನನ್ನ ಕೈಗಿಟ್ಟು, ಚಾರ್ಜರ್ ಅವರೇ ಒಯ್ದ್ರು. ಆಟೋ ಟ್ರಾನ್ಸ್‌ಫಾರ್ಮರ್ ಮಾತ್ರ ಇನ್ನೂ ನಮ್ಮ ಬಾಲ್ಕನಿಯಲ್ಲಿದೆ, ಯಾರಿಗೂ ಕೊಡೋಕೆ ಮನಸ್ಸಾಗ್ತಿಲ್ಲ.